ಏರುದಾರಿಯಲ್ಲಿ ಭಾರದ ಗಾಡಿ

ಒಂದು ಕಾಲದಲ್ಲಿ ಮುಂಬಯಿಗೆ ಬಂದಿಳಿದ ನಮ್ಮ ಹೊಟೇಲು ಕೆಲಸಗಾರನ ಆಸ್ತಿಯೆಂದರೆ ಒಂದು ತಗಡಿನ ಟ್ರಂಕು, ಒಂದು ಚಾಪೆ, ಊರಿನಿಂದ ಬಂದ ಕಾಗದಗಳ ಒಂದು ಕಟ್ಟು, ಇಷ್ಟೇ ಆಗಿತ್ತು. ಈಗ ಕಾಲ ಬದಲಾಗಿದೆ. ಗಲ್ಲಾಪೆಟ್ಟಿಗೆಯ ಮುಂದೆ ಕುಳಿತುಕೊಳ್ಳುವ ತರುಣನೂ ಕಚೇರಿಯ ಗುಮಾಸ್ತನೂ ತಿಂಗಳ ಕಂತಿನ ಮೇಲೆ ಮೋಟಾರ್ ಸೈಕಲನ್ನು ಕೊಳ್ಳುತ್ತಾರೆ. ಇದು ಸಂತೋಷಪಡತಕ್ಕ ಸಂಗತಿಯೇ ಸರಿ. ಮಧ್ಯರಾತ್ರಿ ಹೊಟೇಲಿನ ಬಾಗಿಲೆಳೆದು, ಕೊನೆಯ ಲೋಕಲ್ ಗಾಡಿ ತಪ್ಪಿ, ಸ್ಟೇಶನ್ನಿನ ಬೆಂಚಿನ ಮೇಲೆ ಬೆಳಗು ಮಾಡಿದ ಅನುಭವವಿದ್ದವರಿಗೆ ಸ್ವಂತ ಗಾಡಿಯ ಬೆಲೆ ಏನೆಂಬುದು ಗೊತ್ತು. ಆದರೆ ಗಾಡಿಯನ್ನು ಓಡಿಸಲು ಕಲಿತವರೆಲ್ಲರೂ ಅದನ್ನು ನಿಲ್ಲಿಸಲು ಕಲಿತಿರುತ್ತಾರೆಂದು ಹೇಳುವಂತಿಲ್ಲ. ಈ ಮಾತು ನಮಗೆ ಚೆನ್ನಾಗಿ ಮನವರಿಕೆಯಾದದ್ದು ಒಂದು ದುಃಖದ ಪ್ರಸಂಗದಿಂದ.

ಕಳೆದ ಮಳೆಗಾಲದ ಒಂದು ಸಾಯಂಕಾಲ, ಹಿಂದೆ ನಮ್ಮ ಹೊಟೇಲಿನಲ್ಲಿಯೇ ಸಪ್ಲಾಯರನಾಗಿದ್ದು ಈಗ ಬೇರೊಂದು ಕಡೆ ಮೇನೇಜರನಾಗಿರುವ ಕುಂದಾಪುರದ ಕಡೆಯ ತರುಣನೊಬ್ಬನು ಪತ್ರಿಕೆಯ ಕಾರ್ಯಾಲಯಕ್ಕೆ ಬಂದನು. ಅವನ ಮುಖ ಬಾಡಿತ್ತು. ಎರಡು ವರ್ಷಗಳ ಉಳಿತಾಯವನ್ನು ಮುಂಗಡವಾಗಿ ಕೊಟ್ಟು ಅವನೊಂದು ಬುಲೆಟ್ ಗಾಡಿಯನ್ನು ಕೊಂಡಿದ್ದನೆಂಬುದು ನಮಗೆ ತಿಳಿದಿತ್ತು. ಅವನ ಮನೆ ಇರುವುದು ಉಪನಗರದ ಗುಡ್ಡದ ಮೇಲಿನ ಒಂದು ಚಾಳಿನಲ್ಲಿ. ಅಲ್ಲಿಗೆ ಹೋಗುವ ಓಣಿ ಬಹಳ ಕಡಿದಾದದ್ದು. ಆ ರಾತ್ರಿ ಒಂದು ಗಂಟೆಗೆ ಮನೆ ಸೇರಿದವನು, ಬೆಳಿಗ್ಗೆ ಹೊರಡಲು ಅನುಕೂಲವಾಗಲೆಂದು ಗಾಡಿಯ ಮುಖವನ್ನು ಇಳಿಜಾರಿನ ಕಡೆಗೆ ತಿರುಗಿಸಿ, ನ್ಯೂಟ್ರಲ್ಲಿನಲ್ಲಿಯೇ ಬಿಟ್ಟು, ಪಕ್ಕದ ಸ್ಟ್ಯಾಂಡು ಹಾಕಿ ಮಲಗಲು ಹೋದನು. ರಾತ್ರಿಯಿಡೀ ಮಳೆ ಸುರಿಯಿತು. ಬೆಳಗಿನ ಐದು ಗಂಟೆಯ ಹೊತ್ತಿಗೆ ನೆರೆಮನೆಯ ಹನ್ನೊಂದು ವರ್ಷದ ಹುಡುಗನು ನಲ್ಲಿಯ ನೀರಿಗೆಂದು ಕೊಡ ಹಿಡಿದು ಗಾಡಿಯ ಪಕ್ಕದಲ್ಲಿ ಹಾದನು. ಕೊಡ ತಗಲಿತೋ, ಗಾಡಿ ತಾನಾಗಿಯೇ ಜಾರಿತೋ, ಹೇಳಬಲ್ಲವರಿಲ್ಲ. ಗಾಡಿ ಒಂದು ಗೇಣು ಮುಂದಕ್ಕೆ ಸರಿಯಿತು, ಸ್ಟ್ಯಾಂಡು ಮಡಚಿಕೊಂಡಿತು, ಗಾಡಿ ಹುಡುಗನ ಕಾಲಿನ ಮೇಲೆ ಬಿತ್ತು. ಮೊಣಕಾಲಿನ ಕೆಳಗಿನ ಎಲುಬು ಮುರಿಯಿತು.

"ಧಣೀ, ನಾನು ಸ್ಟ್ಯಾಂಡು ಹಾಕಿಯೇ ಹೋಗಿದ್ದೆ. ಬೇಕಾದರೆ ದೇವರ ಮೇಲೆ ಆಣೆಯಿಟ್ಟು ಹೇಳುತ್ತೇನೆ. ಇದರಲ್ಲಿ ನನ್ನ ತಪ್ಪೇನು?" ಎಂದು ಅವನು ಕೇಳಿದನು.

"ಸ್ಟ್ಯಾಂಡು ಹಾಕಿದ್ದಿ ತಮ್ಮಾ, ಸುಳ್ಳಲ್ಲ. ಆದರೆ ಗಾಡಿಯನ್ನು ನಿಲ್ಲಿಸಿರಲಿಲ್ಲ" ಎಂದು ನಾವು ಹೇಳಬೇಕಾಯಿತು. ಈ ಎರಡರ ನಡುವಿನ ಅಂತರವನ್ನು ಆ ದಿನ ಅವನಿಗೆ ಒಂದು ತಾಸು ಕುಳಿತು ವಿವರಿಸಿದೆವು. ಮಾರ್ಕೆಟ್ಟಿನಿಂದ ತರಕಾರಿ ತರುತ್ತ ಇಪ್ಪತ್ತು ವರ್ಷ ಬುಲೆಟ್ಟಿನ ಮೇಲೆ ಓಡಾಡಿದವರು ನಾವು; ಎರಡು ಸಲ ಅದನ್ನು ಬೀಳಿಸಿಯೇ ಪಾಠ ಕಲಿತವರು. ಗುಡ್ಡದ ಮೇಲೆ ಮನೆ ಮಾಡಿಕೊಂಡ ನಮ್ಮ ಬಂಧುಗಳು ಬಹು ಮಂದಿ ಇರುವುದರಿಂದ ಅದೇ ಮಾತುಗಳನ್ನು ಇಲ್ಲಿ ವಾಚಕರ ಮುಂದಿಡುತ್ತಿದ್ದೇವೆ.

ಭಾರದ ಲೆಕ್ಕ

ಬುಲೆಟ್ ಎಂಬ ಗಾಡಿ ಮೂಲತಃ ಇಂಗ್ಲೆಂಡಿನದು. ನಮ್ಮ ಸೈನ್ಯದ ಬೇಡಿಕೆಯ ಕಾರಣದಿಂದ 1955ರಲ್ಲಿ ಅದರ ಜೋಡಣೆ ಮದರಾಸಿನಲ್ಲಿ ಆರಂಭವಾಯಿತು. ಇಂಗ್ಲೆಂಡಿನಲ್ಲಿ ಆ ಕಾರ್ಖಾನೆ ಮುಚ್ಚಿಹೋದರೂ ಇಲ್ಲಿ ಅದು ಇಂದಿಗೂ ನಡೆಯುತ್ತಿದೆ. ಈಗ ಮಾರಾಟವಾಗುವ 350ರ ಮಾದರಿಯ ಗಾಡಿ ಸುಮಾರು 195 ಕಿಲೋ ತೂಗುತ್ತದೆ. ನಮ್ಮವರಲ್ಲಿ ಹೆಚ್ಚಿನವರು ಮೊದಲು ಕಲಿತುಕೊಳ್ಳುವ ಸ್ಪ್ಲೆಂಡರಿನಂಥ ಗಾಡಿಯ ತೂಕ ಸುಮಾರು 112 ಕಿಲೋ. ಸಣ್ಣ ಗಾಡಿ ವಾಲಿದಾಗ ತೊಡೆಯನ್ನು ಒತ್ತಾಗಿ ಕೊಟ್ಟು ಹಿಡಿದು ನಿಲ್ಲಿಸಬಹುದು. ಭಾರದ ಗಾಡಿ ಒಂದು ಮಿತಿಯನ್ನು ದಾಟಿ ವಾಲಿತೆಂದರೆ ಅದನ್ನು ಹಿಡಿಯುವುದು ಗಟ್ಟಿಮುಟ್ಟಾದ ಗಂಡಸಿನಿಂದಲೂ ಸಾಧ್ಯವಿಲ್ಲ. ಆದುದರಿಂದ ಸಣ್ಣ ಗಾಡಿಯ ಅಭ್ಯಾಸಗಳನ್ನು ದೊಡ್ಡ ಗಾಡಿಗೆ ತರಬಾರದು.

ಸಮತಟ್ಟಾದ ನೆಲದ ಮೇಲೆ ಗಾಡಿಯ ಭಾರವೆಲ್ಲ ನೇರವಾಗಿ ಭೂಮಿಗೆ ಇಳಿಯುತ್ತದೆ. ಅದು ಎಲ್ಲಿಗೂ ಹೋಗಲು ಬಯಸುವುದಿಲ್ಲ. ಏರಿನಲ್ಲಿ ಹಾಗಲ್ಲ. ಹತ್ತು ಅಡಿ ಮುಂದೆ ಹೋದರೆ ಒಂದು ಅಡಿ ಏರುವ ದಾರಿಯಲ್ಲಿ 195 ಕಿಲೋದ ಗಾಡಿಯನ್ನು ಸುಮಾರು 19 ಕಿಲೋದಷ್ಟು ಭಾರ ಕೆಳಕ್ಕೆ ಎಳೆಯುತ್ತಿರುತ್ತದೆ. ಐದು ಅಡಿಗೆ ಒಂದು ಅಡಿ ಏರುವ ಓಣಿಯಲ್ಲಿ ಆ ಎಳೆತ ಸುಮಾರು 38 ಕಿಲೋ ಆಗುತ್ತದೆ. ಅಂದರೆ ಇಪ್ಪತ್ತೈದು ಕಿಲೋದ ಒಂದೂವರೆ ಅಕ್ಕಿ ಚೀಲವನ್ನು ಹಗ್ಗ ಕಟ್ಟಿ ಗಾಡಿಗೆ ತೂಗುಹಾಕಿದಂತೆಯೇ ಸರಿ. ನೀವು ಮಲಗಿದರೂ ಆ ಚೀಲ ಮಲಗುವುದಿಲ್ಲ. ರಾತ್ರಿಯಿಡೀ ಎಳೆಯುತ್ತಲೇ ಇರುತ್ತದೆ.

ಗುಡ್ಡಗಾಡಿನಲ್ಲಿ ಹೆದ್ದಾರಿಯನ್ನು ಕಟ್ಟುವಾಗ ಎಂಜಿನಿಯರರು ಸಾಮಾನ್ಯವಾಗಿ ಇಪ್ಪತ್ತಕ್ಕೆ ಒಂದರ ಏರನ್ನು ಮೀರದಂತೆ ನೋಡಿಕೊಳ್ಳುತ್ತಾರೆ. ಆದುದರಿಂದ ಘಟ್ಟದ ದೊಡ್ಡ ರಸ್ತೆಗಿಂತ ನಾವು ವಾಸಮಾಡುವ ಓಣಿಯೇ ಎಷ್ಟೋ ಸಲ ಹೆಚ್ಚು ಕಡಿದಾಗಿರುತ್ತದೆ. ಆ ಓಣಿಗಳನ್ನು ಯಾವ ಎಂಜಿನಿಯರನೂ ಅಳೆದು ಮಾಡಿದ್ದಲ್ಲ. ಮನೆಗಳು ಎದ್ದ ಹಾಗೆ ದಾರಿಗಳೂ ಎದ್ದವು. ದಿನವೂ ನಡೆದಾಡಿ ರೂಢಿಯಾದ ಕಾಲಿಗೆ ಅದರ ಏರು ತಿಳಿಯುವುದಿಲ್ಲ, ಗಾಡಿಗೆ ತಿಳಿಯುತ್ತದೆ.

ಸ್ಟ್ಯಾಂಡಿನ ಗುಣ

ಪಕ್ಕದ ಸ್ಟ್ಯಾಂಡನ್ನು ಒಮ್ಮೆ ಬಗ್ಗಿ ನೋಡಿರಿ. ಅದು ಗಾಡಿಯ ಎಡಮಗ್ಗುಲಿನಲ್ಲಿದೆ. ಹಾಕುವಾಗ ಅದನ್ನು ಕಾಲಿನಿಂದ ಮುಂದಕ್ಕೆ ತಳ್ಳುತ್ತೇವೆ. ತೆಗೆಯುವಾಗ ಅದು ಹಿಂದಕ್ಕೆ ಮಡಚಿಕೊಳ್ಳುತ್ತದೆ. ಇಡೀ ರಹಸ್ಯ ಇಷ್ಟರಲ್ಲಿಯೇ ಇದೆ. ಸ್ಟ್ಯಾಂಡಿನ ಪಾದ ನೆಲವನ್ನು ಕಚ್ಚಿಕೊಂಡಿರುವಾಗ ಗಾಡಿ ಮುಂದಕ್ಕೆ ಸರಿದರೆ, ಆ ಪಾದ ಹಿಂದೆಯೇ ಉಳಿದು, ಸ್ಟ್ಯಾಂಡು ತಾನಾಗಿಯೇ ಮಡಚಿಕೊಳ್ಳುತ್ತದೆ. ಗಾಡಿ ಹಿಂದಕ್ಕೆ ಸರಿದರೆ, ಪಾದ ಮುಂದೆ ಉಳಿದು, ಸ್ಟ್ಯಾಂಡು ತನ್ನ ಕೊನೆಯ ತಡೆಗೆ ಒತ್ತಿಕೊಂಡು ಇನ್ನಷ್ಟು ಗಟ್ಟಿಯಾಗಿ ನಿಲ್ಲುತ್ತದೆ.

ಹೀಗಿರುವಲ್ಲಿ ಏರುದಾರಿಯಲ್ಲಿ ಗಾಡಿಯ ಮುಖ ಯಾವ ಕಡೆಗಿರಬೇಕೆಂಬುದಕ್ಕೆ ಉತ್ತರ ಒಂದೇ: ಮೇಲಕ್ಕೆ. ಮುಖ ಕೆಳಕ್ಕಿದ್ದರೆ ಗಾಡಿಯ ಭಾರವೇ ಸ್ಟ್ಯಾಂಡನ್ನು ತೆಗೆಯುವ ಕೆಲಸ ಮಾಡುತ್ತದೆ. ಮುಖ ಮೇಲಕ್ಕಿದ್ದರೆ ಅದೇ ಭಾರ ಸ್ಟ್ಯಾಂಡನ್ನು ಹಿಡಿದಿಡುತ್ತದೆ. ನಮ್ಮ ತರುಣನ ಗಾಡಿ ಬಿದ್ದದ್ದು ಈ ಒಂದು ಕಾರಣದಿಂದಲೇ. ಬೆಳಿಗ್ಗೆ ಹೊರಡುವಾಗ ಗಾಡಿಯನ್ನು ತಿರುಗಿಸುವ ಎರಡು ನಿಮಿಷದ ಶ್ರಮವನ್ನು ಉಳಿಸಲು ಹೋಗಿ ಅವನು ತನ್ನ ಗಾಡಿಯನ್ನು ಬೀಳುವ ಕಡೆಗೆ ಮುಖಮಾಡಿಸಿ ಇಟ್ಟಿದ್ದನು.

ಇನ್ನು ನಡುವಿನ ದೊಡ್ಡ ಸ್ಟ್ಯಾಂಡು. ಅದು ಗಟ್ಟಿ, ಎರಡು ಕಾಲಿನದು, ಆದಕಾರಣ ಏರಿನಲ್ಲಿಯೂ ಅದೇ ಮೇಲು ಎಂದು ಅನೇಕರು ತಿಳಿದಿದ್ದಾರೆ. ಇದು ತಪ್ಪು ಕಲ್ಪನೆ. ದೊಡ್ಡ ಸ್ಟ್ಯಾಂಡು ಸಮತಟ್ಟಾದ ನೆಲಕ್ಕೆ ಮಾತ್ರ ತಕ್ಕದ್ದು. ಗಾಡಿಯನ್ನು ಅದರ ಮೇಲೇರಿಸಿದಾಗ ಹಿಂದಿನ ಚಕ್ರ ನೆಲವನ್ನು ಬಿಟ್ಟು ಮೇಲೇಳುತ್ತದೆ. ಆ ಮೇಲೆ ಗಿಯರಿನಲ್ಲಿಟ್ಟರೂ ಪ್ರಯೋಜನವಿಲ್ಲ, ಏಕೆಂದರೆ ಗಿಯರು ಹಿಡಿಯುವುದು ಹಿಂದಿನ ಚಕ್ರವನ್ನು. ನೆಲವನ್ನೇ ಮುಟ್ಟದ ಚಕ್ರವನ್ನು ಹಿಡಿದು ಏನು ಫಲ? ಮುಖ ಇಳಿಜಾರಿಗಿದ್ದರಂತೂ ಒಂದು ಸಣ್ಣ ನೂಕು ಸಾಕು, ಗಾಡಿ ಸ್ಟ್ಯಾಂಡಿನಿಂದ ಮುಂದಕ್ಕೆ ಜಾರಿ ಹೊರಟುಬಿಡುತ್ತದೆ.

ಸರಿಯಾದ ಕ್ರಮ

ಗಾಡಿಯನ್ನು ಏರಿನಲ್ಲಿ ನಿಲ್ಲಿಸುವ ಕ್ರಮವನ್ನು ನಾವು ಹೀಗೆ ರೂಢಿಸಿಕೊಂಡಿದ್ದೇವೆ.

ಮೊದಲನೆಯದಾಗಿ, ಹಿಂದೆ ಕುಳಿತವರನ್ನು ಇಳಿಸಬೇಕು. ಸವಾರನು ಎರಡು ಕಾಲುಗಳನ್ನೂ ಊರಿ, ಮುಂದಿನ ಬ್ರೇಕನ್ನು ಹಿಡಿದಿರುವಾಗಲೇ ಅವರು ಇಳಿಯಬೇಕು. ಸ್ಟ್ಯಾಂಡಿನ ಮೇಲೆ ನಿಂತ ಗಾಡಿಯಿಂದ ಇಳಿಯುವುದೂ ಅದರ ಮೇಲೆ ಮಕ್ಕಳನ್ನು ಕೂರಿಸುವುದೂ ಸರ್ವಥಾ ಸಲ್ಲದು.

ಎರಡನೆಯದಾಗಿ, ಗಾಡಿಯ ಮುಖ ಮೇಲಕ್ಕಿರುವಂತೆ ನಿಂತು, ಮೊದಲನೆಯ ಗಿಯರಿಗೆ ಹಾಕಿ, ಎಂಜಿನ್ನನ್ನು ನಿಲ್ಲಿಸಬೇಕು. ಅನಂತರ ಕ್ಲಚ್ಚನ್ನು ಬಿಡಬೇಕು. ಬ್ರೇಕನ್ನು ಮಾತ್ರ ಕೂಡಲೇ ಬಿಡಬಾರದು. ಅದನ್ನು ಮೆಲ್ಲಮೆಲ್ಲನೆ ಸಡಿಲಿಸಿದಾಗ ಗಾಡಿ ನಾಲ್ಕಾರು ಅಂಗುಲ ಹಿಂದಕ್ಕೆ ಸರಿದು ಒಂದು ಕಡೆ ಕಚ್ಚಿ ನಿಲ್ಲುತ್ತದೆ. ಇದರ ಕಾರಣ ಸರಳವಾದದ್ದು. ಗಿಯರಿನಲ್ಲಿರುವಾಗ ಹಿಂದಿನ ಚಕ್ರ ತಿರುಗಬೇಕಾದರೆ ಸರಪಳಿಯ ಮೂಲಕ ಎಂಜಿನ್ನೂ ತಿರುಗಬೇಕು; ಎಂಜಿನ್ ತಿರುಗಬೇಕಾದರೆ ಸಿಲಿಂಡರಿನೊಳಗಿನ ಗಾಳಿಯನ್ನು ಪಿಸ್ಟನ್ ಅದುಮಬೇಕು. ಅದುಮಲ್ಪಟ್ಟ ಆ ಗಾಳಿಯೇ ಗಾಡಿಯನ್ನು ತಡೆದು ಹಿಡಿಯುತ್ತದೆ. ಬುಲೆಟ್ಟಿಗೆ ಇರುವುದು ಒಂದೇ ಸಿಲಿಂಡರಾದುದರಿಂದ ಆ ತಡೆ ಸಿಗುವ ತನಕ ಗಾಡಿ ಸ್ವಲ್ಪ ಸರಿಯುತ್ತದೆ. ಆ ಸರಿಯುವಿಕೆ ನೀವು ಗಾಡಿಯ ಮೇಲಿರುವಾಗಲೇ ಆಗಿಹೋಗಬೇಕು, ನೀವು ಹೋದ ಮೇಲೆ ಆಗಬಾರದು. ಮೊದಲನೆಯ ಗಿಯರೇ ಏಕೆಂದರೆ, ಆ ಗಿಯರಿನಲ್ಲಿ ಚಕ್ರದ ಒಂದು ಸುತ್ತಿಗೆ ಎಂಜಿನ್ ಎಲ್ಲಕ್ಕಿಂತ ಹೆಚ್ಚು ಸುತ್ತಬೇಕಾಗುತ್ತದೆ. ತಡೆಯೂ ಅಷ್ಟೇ ಹೆಚ್ಚು.

ಮೂರನೆಯದಾಗಿ, ಪಕ್ಕದ ಸ್ಟ್ಯಾಂಡನ್ನು ಪೂರ್ಣವಾಗಿ ಮುಂದಕ್ಕೆ ತಳ್ಳಿ, ಅದು ಕೊನೆ ಮುಟ್ಟಿತೆಂಬುದನ್ನು ಕಾಲಿನಿಂದ ಒತ್ತಿ ನೋಡಿ, ಗಾಡಿಯನ್ನು ಅದರ ಮೇಲೆ ಮೆಲ್ಲನೆ ವಾಲಿಸಬೇಕು. ಹ್ಯಾಂಡಲನ್ನು ಪೂರ್ತಿಯಾಗಿ ಎಡಕ್ಕೆ ತಿರುಗಿಸಿ ಬೀಗ ಹಾಕಬೇಕು.

ನಾಲ್ಕನೆಯದಾಗಿ, ಹಿಂದಿನ ಚಕ್ರದ ಕೆಳಬದಿಗೆ ಒಂದು ಅಡ್ಡೆಯನ್ನು ಕೊಡಬೇಕು. ಘಟ್ಟದಲ್ಲಿ ಲಾರಿ ನಿಂತ ಕೂಡಲೇ ಕ್ಲೀನರನು ಹಾರಿ ಇಳಿದು ಮರದ ತುಂಡೊಂದನ್ನು ಚಕ್ರಕ್ಕೆ ಒತ್ತಿಡುವುದನ್ನು ನಾವೆಲ್ಲರೂ ನೋಡಿದ್ದೇವೆ. ಲಾರಿಗೆ ಗಟ್ಟಿಯಾದ ಬ್ರೇಕು ಇಲ್ಲವೇ? ಇದೆ. ಆದರೂ ಅನುಭವಸ್ಥರು ಒಂದೇ ತಡೆಯನ್ನು ನಂಬುವುದಿಲ್ಲ. ಹಳೆಯ ಎಂಜಿನ್ನಿನಲ್ಲಿ ಅದುಮಿದ ಗಾಳಿ ಪಿಸ್ಟನ್ನಿನ ರಿಂಗುಗಳ ಸಂದಿಯಿಂದ ಮೆಲ್ಲನೆ ಸೋರಿಹೋಗುತ್ತದೆ. ತಾಸುಗಳು ಕಳೆದ ಮೇಲೆ ಗಾಡಿ ಇನ್ನಷ್ಟು ಸರಿಯಬಹುದು. ಆಗ ಕಾಯುವುದು ಈ ಅಡ್ಡೆಯೇ. ಬಡಗಿಯಿಂದ ಬೆಣೆಯಾಕಾರದ ಮರದ ತುಂಡೊಂದನ್ನು ಮಾಡಿಸಿ ಗಾಡಿಯ ಚೀಲದಲ್ಲಿ ಇಟ್ಟುಕೊಳ್ಳುವುದು ಉತ್ತಮ. ಇಟ್ಟಿಗೆ ಅಥವಾ ಕಲ್ಲಾದರೂ ಆದೀತು. ಆದರೆ ಹೊರಡುವಾಗ ಅದನ್ನು ದಾರಿಯ ನಡುವೆ ಬಿಟ್ಟು ಹೋಗುವುದು ಮಹಾಪರಾಧ. ಕತ್ತಲೆಯಲ್ಲಿ ಹಿಂದಿನಿಂದ ಬರುವ ಇನ್ನೊಬ್ಬ ಸವಾರನ ಪ್ರಾಣ ಆ ಕಲ್ಲಿನ ಮೇಲೆ ಹೋಗಬಹುದು.

ಐದನೆಯದಾಗಿ, ಅಂಗೈಯಿಂದ ಗಾಡಿಯನ್ನು ಎಡದಿಂದಲೂ ಬಲದಿಂದಲೂ ಹಿಂದಿನಿಂದಲೂ ಒಮ್ಮೊಮ್ಮೆ ಒತ್ತಿ ನೋಡಬೇಕು. ಹೊಟೇಲಿನಲ್ಲಿ ಮೇಜಿನ ಕಾಲು ಗಿಡ್ಡವಾಗಿದೆಯೋ ಎಂದು ಕೈಯಿಟ್ಟು ನೋಡುವುದಿಲ್ಲವೇ, ಹಾಗೆ. ಅಲುಗಾಡಿದರೆ ಜಾಗ ಬದಲಾಯಿಸಬೇಕು.

ಮುಂದಿನ ಬ್ರೇಕಿನ ಹಿಡಿಗೆ ಹಳೆಯ ಸೈಕಲ್ ಟ್ಯೂಬಿನಿಂದ ಕತ್ತರಿಸಿದ ರಬ್ಬರಿನ ಪಟ್ಟಿಯನ್ನು ಸುತ್ತಿ ಬಿಗಿದಿಡುವ ರೂಢಿಯೂ ಕೆಲವರಲ್ಲಿದೆ. ಸ್ವಲ್ಪ ಹೊತ್ತಿನ ನಿಲುಗಡೆಗೆ ಇದು ಒಳ್ಳೆಯದೇ. ಆದರೆ ಮುಖ ಮೇಲಕ್ಕಿರುವಾಗ ಮುಂದಿನ ಚಕ್ರದ ಮೇಲೆ ಭಾರ ಕಡಿಮೆಯಿರುತ್ತದೆ. ಆದುದರಿಂದ ಇದನ್ನೊಂದನ್ನೇ ನಂಬಿ ಹೋಗುವುದು ಸರಿಯಲ್ಲ.

ದಾರಿಗೆ ಅಡ್ಡಲಾಗಿ ನಿಲ್ಲಿಸಿದರೆ

ಕೆಲವು ಕಡೆ ಓಣಿ ಕಿರಿದಾಗಿ, ಗಾಡಿಯನ್ನು ನೇರವಾಗಿ ಮೇಲ್ಮುಖವಾಗಿ ನಿಲ್ಲಿಸಲು ಎಡೆಯಿರುವುದಿಲ್ಲ. ಆಗ ಏರಿಗೆ ಅಡ್ಡಲಾಗಿ ನಿಲ್ಲಿಸುವ ಮನಸ್ಸಾಗುತ್ತದೆ. ಇಲ್ಲಿ ಎರಡು ವಿಧದ ಅಪಾಯಗಳಿವೆ. ಗಾಡಿಯ ಎಡಮಗ್ಗುಲು ಕೆಳಗಾದರೆ, ಮೊದಲೇ ಎಡಕ್ಕೆ ವಾಲುವ ಗಾಡಿ ಇನ್ನಷ್ಟು ವಾಲಿ, ಭಾರವೆಲ್ಲ ಸ್ಟ್ಯಾಂಡಿನ ಮೇಲೆ ಬಿದ್ದು, ಕಡಿದಾದ ಕಡೆ ಅದರ ಮೇಲಿನಿಂದಲೇ ಮಗುಚಬಹುದು. ಬಲಮಗ್ಗುಲು ಕೆಳಗಾದರೆ, ಗಾಡಿ ಹೆಚ್ಚು ಕಡಿಮೆ ನೆಟ್ಟಗೆ ನಿಲ್ಲುತ್ತದೆ. ನೋಡಲು ಅಂದ, ಆದರೆ ಆಡುವ ಮಗುವಿನ ಕೈ ತಾಗಿದರೂ ಬಲಕ್ಕೆ ಉರುಳುತ್ತದೆ. ಎರಡನೆಯದು ಹೆಚ್ಚು ಮೋಸದ್ದು. ಏಕೆಂದರೆ ನೆಟ್ಟಗೆ ನಿಂತದ್ದು ಗಟ್ಟಿಯಾಗಿದೆಯೆಂಬ ಭ್ರಮೆ ಹುಟ್ಟುತ್ತದೆ.

ರಸ್ತೆಯಂಚಿನಲ್ಲಿ ಕಟ್ಟೆಗಲ್ಲು ಇದ್ದಲ್ಲಿ ಹಿಂದಿನ ಚಕ್ರವನ್ನು ಅದಕ್ಕೆ ತಾಗುವಂತೆ ಹಿಂದಕ್ಕೆ ಬಿಟ್ಟು ನಿಲ್ಲಿಸುವುದು ಬಹಳ ಒಳ್ಳೆಯ ಉಪಾಯ, ಕಲ್ಲೇ ಅಡ್ಡೆಯಾಗುತ್ತದೆ. ಆದರೆ ಗಾಡಿಯ ಮುಖ ಆದಷ್ಟೂ ಮೇಲಕ್ಕೇ ಇರಲಿ. ಚಕ್ರ ಕಲ್ಲಿಗೆ ತಾಗುವಷ್ಟೇ ಓರೆ ಸಾಕು. ಇದರಿಂದ ಇನ್ನೊಂದು ಲಾಭವೂ ಇದೆ. ಮೂತಿಯನ್ನು ಕೆಳಗಿನ ಕಟ್ಟೆಗೋ ಗೋಡೆಗೋ ತುರುಕಿ ನಿಲ್ಲಿಸಿದವನು ಹೊರಡುವಾಗ 195 ಕಿಲೋದ ಗಾಡಿಯನ್ನು ಏರಿನ ಮೇಲಕ್ಕೆ ಹಿಮ್ಮುಖವಾಗಿ ಎಳೆಯಬೇಕು. ಮೋಟಾರ್ ಸೈಕಲಿಗೆ ಹಿಂದಕ್ಕೆ ಹೋಗುವ ಗಿಯರು ಇರುವುದಿಲ್ಲವೆಂಬುದು ಅವನಿಗೆ ನೆನಪಾಗುವುದು ಆಗಲೇ. ಗಾಡಿ ಬೀಳುವ ಪ್ರಸಂಗಗಳಲ್ಲಿ ಎಷ್ಟೋ ಈ ಎಳೆದಾಟದಲ್ಲಿಯೇ ನಡೆಯುತ್ತವೆ.

ನೆಲವನ್ನೂ ನೋಡಬೇಕು

ಸ್ಟ್ಯಾಂಡಿನ ಪಾದ ಎರಡು ಬೆರಳಗಲದ್ದು. ಬೇಸಗೆಯ ಮಧ್ಯಾಹ್ನ ಡಾಂಬರು ಮೆತ್ತಗಾದಾಗ ಅದು ಒಳಕ್ಕೆ ಇಳಿಯುತ್ತದೆ. ಮಳೆಗಾಲದಲ್ಲಿ ಮಣ್ಣಿನೊಳಗೆ ಇಳಿಯುತ್ತದೆ. ಬೆಳಿಗ್ಗೆ ನೆಟ್ಟಗಿದ್ದ ಗಾಡಿ ಸಾಯಂಕಾಲಕ್ಕೆ ಮಲಗಿರುವುದು ಇದರಿಂದಲೇ. ನಮ್ಮ ಹೊಟೇಲುಗಳಲ್ಲಿ ಎಣ್ಣೆಯ ತಗಡಿನ ಡಬ್ಬಗಳಿಗೆ ಬರಗಾಲವಿಲ್ಲ. ಅದರ ಮುಚ್ಚಳವನ್ನು ಬಡಿದು ಚಪ್ಪಟೆ ಮಾಡಿ ಪಾದದ ಕೆಳಗಿಟ್ಟರೆ ಸಾಕು. ಚಪ್ಪಟೆಯಾದ ಕಲ್ಲೂ ಆಗುತ್ತದೆ.

ರಜೆಗೆ ಗಾಡಿಯಲ್ಲಿಯೇ ಊರಿಗೆ ಹೋಗುವವರು ಇನ್ನೊಂದನ್ನು ನೆನಪಿಡಬೇಕು. ಕರಾವಳಿಯಲ್ಲಿ ಗುಡ್ಡದ ಮೇಲಿನ ಮನೆಗೆ ಏರುವ ದಾರಿ ಮಳೆಗಾಲದಲ್ಲಿ ಪಾಚಿ ಕಟ್ಟಿರುತ್ತದೆ. ಗಿಯರು ಚಕ್ರವನ್ನು ತಿರುಗದಂತೆ ಹಿಡಿದೀತು. ಆದರೆ ತಿರುಗದ ಚಕ್ರವೂ ಪಾಚಿಯ ಮೇಲೆ ಜಾರುತ್ತದೆ. ಅಂಥ ಕಡೆ ಗಾಡಿಯನ್ನು ಕೆಳಗಿನ ಸಮನೆಲದಲ್ಲಿ ಬಿಟ್ಟು ನಡೆದು ಹೋಗುವುದೇ ಜಾಣತನ. ಆಗುಂಬೆಯಲ್ಲಿ 14 ತಿರುವುಗಳಿವೆ. ಅಂಥ ಘಟ್ಟಗಳಲ್ಲಿ ನೋಟ ನೋಡಲು ತಿರುವಿನ ಒಳಬದಿಯಲ್ಲಿ ಗಾಡಿಯನ್ನು ನಿಲ್ಲಿಸಬಾರದು. ತಿರುವಿನ ಒಳಮಗ್ಗುಲಿನಲ್ಲಿಯೇ ಏರು ಎಲ್ಲಕ್ಕಿಂತ ಕಡಿದು, ಎದುರಿನಿಂದ ಬರುವವರಿಗೆ ನೀವು ಕಾಣುವುದೂ ಇಲ್ಲ. ಪುಣೆಯ ನಮ್ಮ ತರುಣರು ರವಿವಾರದಂದು ಸಿಂಹಗಡಕ್ಕೆ ಹೋಗುವುದುಂಟು. ಅಲ್ಲಿ ಸಾಲಾಗಿ ನಿಂತ ಗಾಡಿಗಳ ನಡುವೆ ಒಂದು ಬಿದ್ದರೆ ಪಕ್ಕದ ನಾಲ್ಕನ್ನೂ ಕೆಡವುತ್ತದೆಂಬುದನ್ನು ಮರೆಯಬಾರದು.

ಸಾಮಾನು ಹೊತ್ತ ಗಾಡಿಯ ವಿಷಯದಲ್ಲಿಯೂ ಒಂದು ಮಾತು. ಹಾಲಿನ ಕ್ಯಾನು, ತರಕಾರಿಯ ಮೂಟೆ ಒಂದೇ ಮಗ್ಗುಲಿಗೆ ತೂಗುತ್ತಿದ್ದರೆ ಗಾಡಿಯ ವಾಲು ಬದಲಾಗುತ್ತದೆ. ಬಲಮಗ್ಗುಲಿನ ಮೂಟೆ ಇರುವಾಗ ಸರಿಯಾಗಿ ನಿಂತದ್ದು ಅದನ್ನು ಇಳಿಸಿದ ಮೇಲೆ ಬೇರೆ ರೀತಿ ನಿಲ್ಲುತ್ತದೆ. ಸಾಮಾನು ಇಳಿಸುವಾಗ ಒಬ್ಬರು ಹ್ಯಾಂಡಲನ್ನು ಹಿಡಿದಿರಬೇಕು. ಇಳಿಸಿದ ಮೇಲೆ ಮತ್ತೊಮ್ಮೆ ಒತ್ತಿ ನೋಡಬೇಕು.

ಸ್ಕೂಟರಿನವರಿಗೆ

ಈಗಿನ ಸ್ಕೂಟರುಗಳಲ್ಲಿ ಕೈಯಿಂದ ಬದಲಾಯಿಸುವ ಗಿಯರು ಇರುವುದಿಲ್ಲ. ಎಂಜಿನ್ ನಿಂತಾಗ ಅದಕ್ಕೂ ಚಕ್ರಕ್ಕೂ ಸಂಬಂಧವೇ ತಪ್ಪಿಹೋಗುತ್ತದೆ. ಆದುದರಿಂದ ಎಂಜಿನ್ ಗಾಡಿಯನ್ನು ಹಿಡಿಯಲಾರದು. ಇದರ ಬದಲಿಗೆ ಹಲವು ಸ್ಕೂಟರುಗಳಲ್ಲಿ ಎಡಗೈಯ ಬ್ರೇಕಿನ ಹಿಡಿಯನ್ನು ಒತ್ತಿ ಸಿಕ್ಕಿಸಿಡುವ ಒಂದು ಸಣ್ಣ ಕೊಂಡಿ ಇರುತ್ತದೆ. ವರ್ಷಗಟ್ಟಲೆ ಸ್ಕೂಟರ್ ಓಡಿಸಿದರೂ ಆ ಕೊಂಡಿ ಯಾತಕ್ಕೆಂದು ತಿಳಿಯದವರನ್ನು ನಾವು ಕಂಡಿದ್ದೇವೆ. ಅದು ಇರುವುದು ಏರಿಗಾಗಿಯೇ. ಮುಖ ಮೇಲಕ್ಕೆ, ಕೊಂಡಿ ಸಿಕ್ಕಿಸಿ, ಚಕ್ರಕ್ಕೆ ಅಡ್ಡೆ ಕೊಟ್ಟು ಹೋಗಬೇಕು.

ಹೊರಡುವಾಗ, ಬಿದ್ದಾಗ

ಹೊರಡುವಾಗ ಮೊದಲು ಗಾಡಿಯ ಮೇಲೆ ಕುಳಿತು ಬ್ರೇಕು ಹಿಡಿಯಬೇಕು. ಅನಂತರ ಕ್ಲಚ್ಚು ಒತ್ತಬೇಕು. ಗಾಡಿಯನ್ನು ನೆಟ್ಟಗೆ ಮಾಡಿ ಸ್ಟ್ಯಾಂಡು ತೆಗೆಯಬೇಕು. ಬ್ರೇಕು ಹಿಡಿಯುವ ಮುನ್ನವೇ ಕ್ಲಚ್ಚು ಒತ್ತಿದರೆ ಗಿಯರಿನ ಹಿಡಿತ ತಪ್ಪಿ ಗಾಡಿ ಹಿಂದಕ್ಕೆ ಓಡುತ್ತದೆ. ಅಡ್ಡೆಯನ್ನು ತೆಗೆಯುವ ಕೆಲಸ ಜೊತೆಗಾರನಿಗಿರಲಿ. ಒಬ್ಬರೇ ಇದ್ದರೆ, ಗಾಡಿ ಗಿಯರಿನಲ್ಲಿ ಕಚ್ಚಿ ನಿಂತಿರುವಾಗಲೇ ತೆಗೆದು ಚೀಲಕ್ಕೆ ಹಾಕಿಕೊಳ್ಳಬೇಕು. ಹಳೆಯ ಗಾಡಿಯವರು ಗಿಯರಿನಲ್ಲಿದೆಯೆಂಬುದನ್ನು ಮರೆತು ಕಿಕ್ ಹೊಡೆಯಬಾರದು. ಗಾಡಿ ಮುಂದಕ್ಕೆ ಹಾರುತ್ತದೆ.

ಇಷ್ಟಾದರೂ ಗಾಡಿ ಬೀಳುವ ಸಂದರ್ಭ ಬಂದರೆ, ಬೀಳುವ ಗಾಡಿಯನ್ನು ಹಿಡಿಯಲು ಹೋಗಬಾರದು, ದೂರ ಸರಿಯಬೇಕು. ತಗಡು ನೆಟ್ಟಗಾಗುತ್ತದೆ, ಕಾಲಿನ ಎಲುಬಿಗೆ ತಿಂಗಳುಗಳು ಬೇಕು. ಬಿದ್ದ ಮೇಲೆ ಎಂಜಿನ್ನನ್ನು ನಿಲ್ಲಿಸಿ, ಪೆಟ್ರೋಲಿನ ನಲ್ಲಿಯಿರುವ ಹಳೆಯ ಗಾಡಿಯಾದರೆ ಅದನ್ನೂ ಮುಚ್ಚಬೇಕು. ಹತ್ತಿರ ಯಾರೂ ಬೀಡಿ ಹಚ್ಚದಂತೆ ನೋಡಿಕೊಳ್ಳಬೇಕು. ಚಕ್ರಗಳು ಏರಿನ ಮೇಲ್ಬದಿಗಿದ್ದರೆ ಇಬ್ಬರು ಮೂವರು ಸೇರಿ ಮಲಗಿದ ಗಾಡಿಯನ್ನು ಮಲಗಿದಂತೆಯೇ ತಿರುಗಿಸಿ ಚಕ್ರಗಳನ್ನು ಕೆಳಬದಿಗೆ ತರಬೇಕು. ಆಗ ಎತ್ತುವುದು ಸುಲಭ. ಗಿಯರಿನಲ್ಲಿಟ್ಟೇ ಎತ್ತಬೇಕು. ಸೀಟಿಗೆ ಬೆನ್ನು ಕೊಟ್ಟು, ಕುಕ್ಕರಗಾಲಿನಲ್ಲಿ ಕುಳಿತು, ಬೆನ್ನನ್ನು ನೆಟ್ಟಗಿಟ್ಟುಕೊಂಡು ಕಾಲುಗಳ ಬಲದಿಂದ ಏಳಬೇಕು. ನಾವು ಕೊಪ್ಪರಿಗೆಯನ್ನು ಎತ್ತುವುದೂ ಹೀಗೆಯೇ. ಸೊಂಟ ಬಗ್ಗಿಸಿ ಎತ್ತಿದ ಭಟ್ಟರು ಎಷ್ಟು ದಿನ ಹಾಸಿಗೆ ಹಿಡಿದರೆಂಬುದು ಹೊಟೇಲಿನವರಿಗೆ ಹೇಳಬೇಕಾದದ್ದಿಲ್ಲ.

ಕಾನೂನಿನ ಮಾತು

ಗಾಡಿ ನಿಂತಿತ್ತು, ನಾನು ಅದರ ಮೇಲಿರಲಿಲ್ಲ, ಆದುದರಿಂದ ನನಗೆ ಸಂಬಂಧವಿಲ್ಲ ಎಂದು ಯಾರೂ ಭಾವಿಸಬಾರದು. 1988ರ ಮೋಟಾರು ವಾಹನಗಳ ಕಾಯಿದೆಯ 126ನೆಯ ಕಲಮು ಈ ವಿಷಯವನ್ನೇ ಹೇಳುತ್ತದೆ. ಚಾಲಕನು ಗಾಡಿಯನ್ನು ಬಿಟ್ಟು ಹೋಗುವಾಗ ಯಂತ್ರವನ್ನು ನಿಲ್ಲಿಸಿ, ಬ್ರೇಕು ಹಾಕಿ, ಅಥವಾ ತಾನಿಲ್ಲದಾಗ ಗಾಡಿ ಅಕಸ್ಮಾತ್ ಚಲಿಸದಂತೆ ಬೇರೆ ಉಪಾಯ ಮಾಡಿ ಹೋಗತಕ್ಕದ್ದೆಂದು ಅದರ ಸಾರಾಂಶ. ನಿಂತ ವಾಹನವೂ ಉಪಯೋಗದಲ್ಲಿರುವ ವಾಹನವೇ ಆಗಬಹುದೆಂದು ಸುಪ್ರೀಂ ಕೋರ್ಟು 1991ರಲ್ಲಿ, ಸಾತಾರಾ ಜಿಲ್ಲೆಯಲ್ಲಿ ಉರುಳಿಬಿದ್ದ ಪೆಟ್ರೋಲಿನ ಟ್ಯಾಂಕರೊಂದರ ಪ್ರಕರಣದಲ್ಲಿ ತೀರ್ಪಿತ್ತಿದೆ. ಗುಡ್ಡಗಳ ಮೇಲೆಯೇ ಕಟ್ಟಿರುವ ಅಮೇರಿಕದ ಸಾನ್‌ಫ್ರಾನ್ಸಿಸ್ಕೊ ನಗರದಲ್ಲಿ ನೂರಕ್ಕೆ 3ಕ್ಕಿಂತ ಹೆಚ್ಚಿನ ಏರಿನಲ್ಲಿ ನಿಲ್ಲಿಸುವ ವಾಹನದ ಚಕ್ರಕ್ಕೆ ರಸ್ತೆಯಂಚಿನ ಕಲ್ಲಿನ ತಡೆಯಾಗಲಿ ಬೇರೆ ತಡೆಯಾಗಲಿ ಇರಲೇಬೇಕೆಂಬ ನಿಯಮವಿದೆ. ಬ್ರೇಕೊಂದೇ ಸಾಲದೆಂಬುದು ಅಲ್ಲಿಯೂ ಕಂಡುಕೊಂಡ ಸತ್ಯ.

ಇನ್ನು ವಿಮೆ. ಇತರರಿಗಾಗುವ ಹಾನಿಯ ವಿಮೆ ಕಾಯಿದೆಯ ಪ್ರಕಾರ ಕಡ್ಡಾಯವಾದದ್ದು. ಆದರೆ ಆ ವಿಮೆಯೊಂದರಿಂದಲೇ ನಿಮ್ಮ ಸ್ವಂತ ಗಾಡಿಯ ದುರಸ್ತಿಯ ಹಣ ಬರುವುದಿಲ್ಲ. ಅದಕ್ಕೆ ಬೇರೆ ಕಂತು ಕಟ್ಟಬೇಕು. ನಮ್ಮ ತರುಣನ ವಿಮೆಯ ಅವಧಿ ಮುಗಿದು ಒಂದೂವರೆ ತಿಂಗಳಾಗಿತ್ತು. ನಾಳೆ ಕಟ್ಟೋಣ, ಸಂಬಳ ಬಂದ ಮೇಲೆ ಕಟ್ಟೋಣ ಎಂದು ಮುಂದೂಡಿದ್ದನು. ಹುಡುಗನ ಆಸ್ಪತ್ರೆಯ ಖರ್ಚು ಪೂರ್ತಿಯಾಗಿ ಅವನ ತಲೆಯ ಮೇಲೆಯೇ ಬಿತ್ತು. ಊರಿನಲ್ಲಿ ತಂಗಿಯ ಮದುವೆಗೆಂದು ಇಟ್ಟಿದ್ದ ಹಣವನ್ನು ಅವನು ತೆಗೆದು ಕೊಟ್ಟನು. ಕೊಡದೆ ತಪ್ಪಿಸಿಕೊಳ್ಳಲು ಅವನು ಯತ್ನಿಸಲಿಲ್ಲವೆಂಬುದನ್ನು ಅವನ ಗೌರವಕ್ಕಾಗಿ ಇಲ್ಲಿ ಹೇಳಲೇಬೇಕು. ಮದುವೆ ಒಂದು ವರ್ಷ ಮುಂದಕ್ಕೆ ಹೋಯಿತು.

ಆ ಹುಡುಗ ಈಗ ಕುಂಟದೆ ನಡೆಯುತ್ತಾನೆ. ಕಳೆದ ತಿಂಗಳು ನಾವು ಆ ಚಾಳಿಗೆ ಹೋಗಿದ್ದೆವು. ಬುಲೆಟ್ಟು ಮುಖವನ್ನು ಮೇಲಕ್ಕೆ ಮಾಡಿ, ಹ್ಯಾಂಡಲನ್ನು ಎಡಕ್ಕೆ ತಿರುಗಿಸಿ ನಿಂತಿತ್ತು. ಸ್ಟ್ಯಾಂಡಿನ ಕೆಳಗೆ ಡಬ್ಬದ ಮುಚ್ಚಳ, ಹಿಂದಿನ ಚಕ್ರಕ್ಕೆ ಮರದ ಬೆಣೆ. ರಾತ್ರಿ ಎಷ್ಟು ಹೊತ್ತಾದರೂ ತಾನೇ ಬಗ್ಗಿ ಬೆಣೆಯನ್ನು ಇಡುತ್ತಾನೆಂದೂ, ಬೆಳಿಗ್ಗೆ ನೀರಿಗೆ ಹೋಗುವಾಗ ಆ ಹುಡುಗನು ಅದು ಇದೆಯೋ ಇಲ್ಲವೋ ಎಂದು ಕಾಲಿನಿಂದ ಒತ್ತಿ ನೋಡಿಯೇ ಮುಂದೆ ಹೋಗುತ್ತಾನೆಂದೂ ತಿಳಿಯಿತು.

ದುಡಿದು ದಣಿದು ಮನೆಗೆ ಬರುವವನಿಗೆ ಕೊನೆಯ ಎರಡು ನಿಮಿಷ ಬಹಳ ಭಾರ. ಅದು ನಮಗೂ ಗೊತ್ತು. ಆದರೂ ಇಂದು ರಾತ್ರಿ ಗಾಡಿಯಿಂದ ಇಳಿದ ಮೇಲೆ ವಾಚಕರು ಒಮ್ಮೆ ಹಿಂತಿರುಗಿ, ತಮ್ಮ ಗಾಡಿಯ ಮುಖ ಯಾವ ಕಡೆಗಿದೆಯೆಂದು ನೋಡಬೇಕೆಂದು ಕೋರುತ್ತೇವೆ.